ತಲೆಹೊಟ್ಟು: ಮನೆಮದ್ದನ್ನು ಇಂದಿಗೆ ಹೊಂದಿಸಿಕೊಳ್ಳುವ ಬಗೆ

ತಲೆಯಲ್ಲಿ ಹೊಟ್ಟು ಏಳುವುದು ಪ್ರಾಣಕ್ಕೆ ಕುತ್ತು ತರುವ ರೋಗವಲ್ಲ. ಆದುದರಿಂದಲೇ ಹೊಲಮನೆಯ ನೂರೆಂಟು ಕೆಲಸಗಳ ನಡುವೆ ಇದರ ಕಡೆಗೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ತುರಿಕೆ ತಾಳಲಾರದಷ್ಟಾದಾಗ ಅಂಗೈ ತುಂಬ ಎಣ್ಣೆ ಸುರಿದು ತಿಕ್ಕಿಕೊಂಡು, ಮೇಲೆ ರುಮಾಲು ಸುತ್ತಿ ಹೊಲಕ್ಕೆ ಹೊರಡುವುದು ನಮ್ಮಲ್ಲಿ ರೂಢಿ. ಎಣ್ಣೆ ಹಚ್ಚಿದ ದಿನ ಹೊಟ್ಟು ಕಾಣುವುದಿಲ್ಲ. ಮೂರು ನಾಲ್ಕು ದಿನ ಕಳೆದರೆ ಮೊದಲಿನಷ್ಟೇ, ಎಷ್ಟೋ ಸಲ ಮೊದಲಿಗಿಂತ ಹೆಚ್ಚಾಗಿ ಕಾಣುತ್ತದೆ. ಮತ್ತೆ ಎಣ್ಣೆ ಹಚ್ಚುತ್ತಾರೆ. ಹೀಗೆಯೇ ವರ್ಷಗಳು ಕಳೆಯುತ್ತವೆ.

ಇದರಿಂದ ಬೇಸತ್ತವರು ಮದ್ದು ಬದಲಿಸುತ್ತಾರೆ. ಒಬ್ಬರು ಲಿಂಬೆಹಣ್ಣು ಹಿಂಡಿಕೊಂಡರೆ ಇನ್ನೊಬ್ಬರು ಎಣ್ಣೆಗೆ ಕರ್ಪೂರ ಹಾಕುತ್ತಾರೆ; ಮತ್ತೊಬ್ಬರು ಬದುವಿನ ಮೇಲಿನ ದತ್ತೂರಿ ಎಲೆ ಅರೆಯುತ್ತಾರೆ. ದ್ರಾಕ್ಷಿ ಪಡ ಇದ್ದವರ ಮನೆಯಲ್ಲಿ ಗಂಧಕದ ಪುಡಿಯ ಚೀಲ ಮೂಲೆಯಲ್ಲೇ ಇರುತ್ತದೆ. ಅದರ ಕಡೆಗೂ ಕೈ ಹೋಗಬಹುದು. ಹೊಟ್ಟಿನಿಂದ ಆಗುವ ಕೇಡಿಗಿಂತ ಇಂಥ ಮದ್ದುಗಳಿಂದ ಆಗುವ ಕೇಡು ದೊಡ್ಡದು. ಹಿರಿಯರಿಂದ ಬಂದ ಮದ್ದುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತಿದ್ದಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಥಣಿ ತಾಲ್ಲೂಕಿನ ತೆಲಸಂಗ ಭಾಗವನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆದಿದೆ. ಕೃಷ್ಣೆಯ ದಂಡೆಯ ಊರುಗಳಿಗೂ ಈ ಮೂಡಣ ದಿಕ್ಕಿನ ಊರುಗಳಿಗೂ ಬಹಳ ಅಂತರವಿದೆ. ಇದು ಉತ್ತರದ ಒಣ ವಲಯ. ಬೇಸಿಗೆಯಲ್ಲಿ ಬಿಸಿಲು ಮತ್ತು ಧೂಳು, ಚಳಿಗಾಲದಲ್ಲಿ ಮೈ ಬಿರಿಯುವ ಒಣ ಗಾಳಿ. ಜೋಳ, ಕಡಲೆ, ಕುಸುಬೆಯ ಜೊತೆಗೆ ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಕೊಳವೆ ಬಾವಿಯನ್ನೇ ನಂಬಿದ್ದಾರೆ. ಆ ಗಡಸು ನೀರಿಗೂ ತಲೆಯ ಹೊಟ್ಟಿಗೂ ಸಂಬಂಧವಿದೆ. ಅದನ್ನು ಮುಂದೆ ನೋಡೋಣ.

ಹೊಟ್ಟು ಏಕೆ ಏಳುತ್ತದೆ?

ದ್ರಾಕ್ಷಿ ಬೆಳೆಗಾರರಿಗೆ ಬೂದಿರೋಗ, ಅಂದರೆ ಅವರೇ ಕರೆಯುವ ‘ಭುರಿ’, ಗೊತ್ತಿರುವುದೇ. ಎಲೆಯ ಮೇಲೆ ಬಿಳಿ ಪುಡಿ ಉದುರಿಸಿದಂತೆ ಕಾಣುವ ಅದು ಒಂದು ಶಿಲೀಂಧ್ರ. ತಲೆಯ ಹೊಟ್ಟಿನ ಹಿಂದೆಯೂ ಒಂದು ಶಿಲೀಂಧ್ರವಿದೆ. ಆದರೆ ಉದುರುವ ಬಿಳಿ ಪುಡಿ ಶಿಲೀಂಧ್ರವಲ್ಲ, ನಮ್ಮದೇ ಚರ್ಮದ ಚೂರುಗಳು. ಈ ವ್ಯತ್ಯಾಸ ನೆನಪಿಡಬೇಕು.

ಫ್ರಾನ್ಸಿನ ಲೂಯಿ ಮಲಾಸೆ ಎಂಬ ವಿಜ್ಞಾನಿ 1874ರಲ್ಲಿ ತಲೆಯ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರಲ್ಲಿ ದುಂಡನೆಯ ಯೀಸ್ಟ್ ಕಣಗಳನ್ನು ಗುರುತಿಸಿದರು. ಮುಂದೆ ಅವರ ಹೆಸರಿನಿಂದಲೇ ಅದಕ್ಕೆ ಮಲಾಸೆಜಿಯಾ ಎಂದು ಹೆಸರಾಯಿತು. ಇದು ಹೊರಗಿನಿಂದ ಬರುವ ಶತ್ರುವಲ್ಲ. ಹೊಟ್ಟು ಇದ್ದವರ ತಲೆಯಲ್ಲೂ ಇಲ್ಲದವರ ತಲೆಯಲ್ಲೂ ಇದ್ದೇ ಇರುತ್ತದೆ. ಹೀಗಾಗಿ ಹೇನಿನಂತೆ ಒಬ್ಬರ ಹಣಿಗೆಯಿಂದ ಇನ್ನೊಬ್ಬರಿಗೆ ಹೊಟ್ಟು ಹತ್ತಿತು ಎನ್ನುವುದು ಸರಿಯಲ್ಲ. ರಕ್ತ ಕೆಟ್ಟು ಹೊಟ್ಟಾಯಿತು ಎನ್ನುವ ಮಾತಿಗೂ ಆಧಾರವಿಲ್ಲ.

ಈ ಯೀಸ್ಟಿಗೆ ಒಂದು ದೌರ್ಬಲ್ಯವಿದೆ. ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. 2007ರಲ್ಲಿ ಅದರ ವಂಶವಾಹಿಗಳನ್ನು ಪೂರ್ತಿ ಓದಿದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಚರ್ಮದ ಗ್ರಂಥಿಗಳು ಸ್ರವಿಸುವ ಜಿಡ್ಡೇ ಅದರ ಅನ್ನ. ಅದು ಆ ಜಿಡ್ಡನ್ನು ಒಡೆದು ತನಗೆ ಬೇಕಾದುದನ್ನು ತಿಂದು ಓಲಿಯಿಕ್ ಆಮ್ಲದಂಥವುಗಳನ್ನು ಅಲ್ಲೇ ಬಿಡುತ್ತದೆ. ಕೆಲವರ ಚರ್ಮ ಇದನ್ನು ತಾಳಿಕೊಳ್ಳುತ್ತದೆ, ಕೆಲವರದು ತಾಳುವುದಿಲ್ಲ. ತಾಳದ ಚರ್ಮ ಕೆರಳಿ ಅವಸರದಿಂದ ಹೊಸ ಪದರ ಬೆಳೆಸಿ ಹಳೆಯದನ್ನು ಕಳಚುತ್ತದೆ. ಸುಮಾರು ಒಂದು ತಿಂಗಳು ಹಿಡಿಯಬೇಕಾದ ಕೆಲಸ ಕೆಲವೇ ದಿನಗಳಲ್ಲಿ ನಡೆಯುವುದರಿಂದ, ಕಣ್ಣಿಗೆ ಕಾಣದಂತೆ ಉದುರಬೇಕಾದ ಕಣಗಳು ಅಂಟಿಕೊಂಡು ಚಕ್ಕೆಗಳಾಗಿ ಉದುರುತ್ತವೆ. ಅದೇ ಹೊಟ್ಟು.

ಹರೆಯಕ್ಕೆ ಬಂದ ಮೇಲೆ ಹೊಟ್ಟು ಶುರುವಾಗುವುದೂ, ಗಂಡಸರಲ್ಲಿ ಹೆಚ್ಚಿರುವುದೂ, ಐವತ್ತು ದಾಟಿದ ಮೇಲೆ ತಾನಾಗಿ ಇಳಿಯುವುದೂ ಇದೇ ಕಾರಣಕ್ಕೆ. ಜಿಡ್ಡಿನ ಗ್ರಂಥಿಗಳು ಆ ವಯಸ್ಸಿನಲ್ಲಿ ಚುರುಕಾಗಿರುತ್ತವೆ. ಬೆವರು ಮತ್ತು ದಿನವಿಡೀ ಬಿಗಿದ ರುಮಾಲು ಅಥವಾ ಟೊಪ್ಪಿಗೆ ಇದಕ್ಕೆ ಇನ್ನಷ್ಟು ಅನುಕೂಲ ಒದಗಿಸುತ್ತವೆ. ಬಿಸಿಲಲ್ಲಿ ದುಡಿಯುವವರು ತಲೆಗೆ ಬಟ್ಟೆ ಸುತ್ತದಿರಲು ಸಾಧ್ಯವಿಲ್ಲ. ಆದರೆ ಆ ಬಟ್ಟೆಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಬಹುದು. ವಾರಕ್ಕೊಮ್ಮೆ ಒಗೆಯುವ ರುಮಾಲಿನಲ್ಲಿ ಏಳು ದಿನದ ಎಣ್ಣೆ, ಬೆವರು ಎರಡೂ ಕೂಡಿರುತ್ತವೆ.

ಹಳೆಯ ಗ್ರಂಥಗಳಲ್ಲಿ ಇರುವುದು

ಆಯುರ್ವೇದದಲ್ಲಿ ಈ ತೊಂದರೆಗೆ ‘ದಾರುಣಕ’ ಎಂದು ಹೆಸರು. ಸುಶ್ರುತ ಸಂಹಿತೆ ಇದನ್ನು ಕ್ಷುದ್ರರೋಗಗಳ ಗುಂಪಿಗೆ ಸೇರಿಸಿದೆ. ವಾಗ್ಭಟನು ಕಪಾಲದ ರೋಗಗಳಲ್ಲಿ ಎಣಿಸಿದ್ದಾನೆ. ಕೂದಲಿನ ಬುಡ ಒರಟಾಗಿ ಒಣಗುವುದು, ತುರಿಸುವುದು, ಚರ್ಮ ಬಿರಿಯುವುದು ಇದರ ಲಕ್ಷಣಗಳೆಂದು ಹೇಳಿದೆ. ನಾವು ಇಂದು ನೋಡುವುದೂ ಅದನ್ನೇ.

ಚಿಕಿತ್ಸೆಯ ಭಾಗದಲ್ಲಿ ಎಣ್ಣೆ ತಿಕ್ಕುವುದು ಇದೆ, ನಿಜ. ಆದರೆ ಅದರ ಜೊತೆಗೇ ಹಾರಕದ ಹುಲ್ಲನ್ನು ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕಲಸಿ ಸೋಸಿದ ಕ್ಷಾರದ ನೀರಿನಿಂದ ತಲೆ ತೊಳೆಯಬೇಕೆಂದೂ ಇದೆ. ನಮ್ಮ ಅಜ್ಜಿಯಂದಿರು ಒಲೆಯ ಬೂದಿಯ ತಿಳಿನೀರನ್ನು ಬಳಸುತ್ತಿದ್ದುದನ್ನು ನೋಡಿದವರು ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಕ್ಷಾರವು ಜಿಡ್ಡನ್ನು ಕರಗಿಸಿ ತೆಗೆಯುತ್ತದೆ. ಇಂದು ಆ ನೀರು ಬೇಡ. ಅದು ಚರ್ಮಕ್ಕೂ ಕಣ್ಣಿಗೂ ಬಲು ಖಾರ. ಗಮನಿಸಬೇಕಾದುದು ಬೇರೆ. ಎಣ್ಣೆ ಮತ್ತು ತೊಳೆಯುವುದು ಒಂದೇ ಚಿಕಿತ್ಸೆಯ ಎರಡು ಪಾಲುಗಳಾಗಿದ್ದವು.

ದೀಪಾವಳಿಯ ನರಕ ಚತುರ್ದಶಿಯ ಸ್ನಾನವನ್ನೇ ನೋಡಿ. ಬೆಳಗಿನ ಜಾವ ಎದ್ದು ಎಣ್ಣೆ ಹಚ್ಚಿಸಿಕೊಂಡವರು ಅದೇ ಹೊತ್ತಿನಲ್ಲಿ ಬಿಸಿನೀರು, ಸೀಗೆಪುಡಿಯಿಂದ ತೊಳೆದುಕೊಳ್ಳುತ್ತಾರೆ. ‘ಎಣ್ಣೆ-ನೀರು’ ಎಂಬ ಜೋಡಿ ಮಾತೇ ನಮ್ಮಲ್ಲಿದೆ. ಸೀಗೆಕಾಯಿ ಕುಟ್ಟಿ, ಜರಡಿ ಹಿಡಿದು, ನೀರು ಕಾಯಿಸಿ ತೊಳೆಯುವುದಕ್ಕೆ ಹೊತ್ತು ಬೇಕು. ಎಣ್ಣೆ ಹಚ್ಚುವುದಕ್ಕೆ ಎರಡು ನಿಮಿಷ ಸಾಕು. ಕ್ರಮೇಣ ಸುಲಭದ ಪಾಲು ದಿನದ ರೂಢಿಯಾಗಿ, ಕಷ್ಟದ ಪಾಲು ಹಬ್ಬಕ್ಕೆ ಸರಿಯಿತು. ತಲೆಯ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ!

ಎಣ್ಣೆ ಬೇಕೇ, ಬೇಡವೇ?

ಪ್ರಯೋಗಶಾಲೆಯಲ್ಲಿ ಈ ಯೀಸ್ಟನ್ನು ಬೆಳೆಸಬೇಕಾದಾಗ ಆಹಾರದ ತಟ್ಟೆಯ ಮೇಲೆ ಆಲಿವ್ ಎಣ್ಣೆ ಹರಡುತ್ತಾರೆ. ಎಣ್ಣೆಯಿಲ್ಲದೆ ತಲೆಯ ಯೀಸ್ಟ್ ಅಲ್ಲಿ ಬೆಳೆಯುವುದೇ ಇಲ್ಲ. ನಮ್ಮ ಮನೆಯ ಶೇಂಗಾ ಎಣ್ಣೆಯಲ್ಲೂ ಓಲಿಯಿಕ್ ಆಮ್ಲ ಹೇರಳವಾಗಿದೆ. ಇದನ್ನು ತಿಳಿದ ಮೇಲೆ, ಹೊಟ್ಟಿದ್ದವರು ರಾತ್ರಿಯೆಲ್ಲ, ದಿನವೆಲ್ಲ ತಲೆಯ ಚರ್ಮದ ಮೇಲೆ ಅಡಿಗೆಯ ಎಣ್ಣೆ ಬಿಟ್ಟುಕೊಳ್ಳುವುದು ಜಾಣತನವೆಂದು ಹೇಳಲಾಗದು.

ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಮಾತ್ರ ತಜ್ಞರಲ್ಲಿ ಒಮ್ಮತವಿಲ್ಲ. ಅದು ಕೂದಲ ಎಳೆಯೊಳಗೆ ಇಳಿದು ಸವೆತ ಕಡಿಮೆ ಮಾಡುತ್ತದೆಂಬುದು ದೃಢಪಟ್ಟಿದೆ. ನಮ್ಮ ದೇಶದಲ್ಲೇ ನಡೆದ ಅಧ್ಯಯನದಲ್ಲಿ ತಲೆಯ ಚರ್ಮಕ್ಕೂ ಅದರಿಂದ ಒಳ್ಳೆಯದಾದದ್ದು ಕಂಡಿದೆ. ಹಾಗಿದ್ದರೂ ಕೂದಲಿಗೆ ಹಿತವಾದುದೆಲ್ಲ ಹೊಟ್ಟಿಗೆ ಮದ್ದಾಗಬೇಕೆಂದಿಲ್ಲ. ಎಣ್ಣೆಗೆ ಒಂದು ಉಪಯೋಗ ಖಂಡಿತ ಇದೆ: ದಪ್ಪಗೆ ಅಂಟಿದ ಚಕ್ಕೆಗಳನ್ನು ಅದು ಮೆತ್ತಗೆ ಮಾಡುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಆದುದರಿಂದ ಕೊಬ್ಬರಿ ಎಣ್ಣೆಯನ್ನು ಸ್ನಾನಕ್ಕೆ ಮುನ್ನ ಹಚ್ಚಿ, ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿ, ಅದೇ ಸ್ನಾನದಲ್ಲಿ ಪೂರ್ತಿ ತೊಳೆದುಬಿಡಿ. ಉಗುರಿನಿಂದ ಕೆರೆಯಬೇಡಿ. ಹೊಟ್ಟು ಹತೋಟಿಗೆ ಬಂದ ಮೇಲೆ ಕೂದಲ ಉದ್ದಕ್ಕೆ, ಬುಡ ಬಿಟ್ಟು, ತುಸು ಎಣ್ಣೆ ಸವರಿಕೊಳ್ಳಲು ಅಡ್ಡಿಯಿಲ್ಲ. ಹೆಣ್ಣುಮಕ್ಕಳಿಗೆ ಎಣ್ಣೆಯನ್ನು ಪೂರ್ತಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾದ ಅಗತ್ಯವೂ ಇಲ್ಲ.

ಗಡಸು ನೀರು, ಅಂಟವಾಳ ಮತ್ತು ಸೀಗೆಕಾಯಿ

ಈಗ ನೀರಿನ ಮಾತು. ಒಂದು ಬಾಟಲಿಯಲ್ಲಿ ಕೊಳವೆ ಬಾವಿಯ ನೀರು, ಇನ್ನೊಂದರಲ್ಲಿ ಮಳೆಯ ನೀರು ತೆಗೆದುಕೊಂಡು ಎರಡಕ್ಕೂ ಮೈಸೋಪಿನ ಒಂದೊಂದು ಚೂರು ಹಾಕಿ ಅಲುಗಾಡಿಸಿ. ಮಳೆಯ ನೀರಿನಲ್ಲಿ ನೊರೆ ತುಂಬುತ್ತದೆ. ಗಡಸು ನೀರಿನಲ್ಲಿ ನೊರೆ ಏಳದೆ ಮೊಸರಿನಂತೆ ಬಿಳಿ ಗಷ್ಟು ತೇಲುತ್ತದೆ. ನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಕೂಡಿ ಆಗುವ ಕರಗದ ವಸ್ತು ಅದು. ಸೋಪಿನಿಂದ ತಲೆ ತೊಳೆದಾಗ ಇದೇ ಗಷ್ಟು ಕೂದಲ ಬುಡದಲ್ಲಿ ಕೂರುತ್ತದೆ. ಒಣಗಿದಾಗ ಬಿಳಿಯಾಗಿ ಉದುರುತ್ತದೆ. ಎಷ್ಟೋ ಮಂದಿ ಹೊಟ್ಟು ಎಂದು ತಿಳಿದಿರುವುದರಲ್ಲಿ ಒಂದು ಪಾಲು ಇದು. ಜಿಡ್ಡೂ ಪೂರ್ತಿ ಹೋಗಿರುವುದಿಲ್ಲ. ಬಟ್ಟೆ ಒಗೆಯುವ ಸೋಪಿನಿಂದ ತಲೆ ತಿಕ್ಕುವವರಿಗಂತೂ ಚರ್ಮ ಕೆರಳುವುದೂ ಸೇರಿಕೊಳ್ಳುತ್ತದೆ.

ಅಂಟವಾಳದ ಕಾಯಿಯ (ನೊರೆಕಾಯಿ, ಗಡಿಯ ಕಡೆ ರಿಠಾ ಎನ್ನುವುದೂ ಇದನ್ನೇ) ಸಿಪ್ಪೆಯಲ್ಲಿ ಮತ್ತು ಸೀಗೆಕಾಯಿಯಲ್ಲಿ ಸೆಪೋನಿನ್ ಎಂಬ ನೊರೆ ಕೊಡುವ ಪದಾರ್ಥವಿದೆ. ಸೋಪಿನಂತೆ ಇದು ಗಡಸು ನೀರಿನಲ್ಲಿ ಒಡೆದು ಗಷ್ಟಾಗುವುದಿಲ್ಲ. ಗಡಸು ನೀರಿನ ಊರುಗಳಿಗೆ ಹಿರಿಯರ ಈ ಮದ್ದು ಸೋಪಿಗಿಂತ ಹೆಚ್ಚು ಹೊಂದುತ್ತದೆನ್ನಲು ಇದೇ ಕಾರಣ. ಸೋಪು ಕ್ಷಾರೀಯ, ತಲೆಯ ಚರ್ಮ ತುಸು ಆಮ್ಲೀಯ. ಸೀಗೆಕಾಯಿಯ ಕಷಾಯವೂ ಆಮ್ಲೀಯವೇ ಆದುದರಿಂದ ಚರ್ಮಕ್ಕೆ ಒಗ್ಗುತ್ತದೆ.

ಮಾಡುವ ವಿಧಾನ ಸರಳ. ಒಬ್ಬರ ಒಂದು ಸ್ನಾನಕ್ಕೆ ಬೀಜ ತೆಗೆದ ಅಂಟವಾಳದ ಸಿಪ್ಪೆ ಐದಾರು ಕಾಯಿಯದು, ಸೀಗೆಕಾಯಿ ಎಂಟು-ಹತ್ತು, ಒಂದು ಚಮಚ ಮೆಂತೆ. ಇವನ್ನು ರಾತ್ರಿ ಅರ್ಧ ಲೀಟರ್ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಹತ್ತು-ಹದಿನೈದು ನಿಮಿಷ ಕುದಿಸಿ, ಆರಿದ ಮೇಲೆ ಕೈಯಿಂದ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸುವುದನ್ನು ಬಿಡಬಾರದು, ಪುಡಿಯನ್ನೇ ತಲೆಗೆ ತಿಕ್ಕಿಕೊಂಡರೆ ಅದರ ನಾರು, ಚೂರುಗಳು ಕೂದಲಲ್ಲಿ ಉಳಿದು ಮತ್ತೆ ತುರಿಕೆ ಬರುತ್ತದೆ. ಬೇಕಿದ್ದರೆ ಕುದಿಯುವಾಗ ಒಂದು ಹಿಡಿ ಬೇವಿನ ಎಲೆ ಹಾಕಬಹುದು. ಕಬ್ಬಿಣದ ಪಾತ್ರೆಯಲ್ಲಿ ಕುದಿಸಿದರೆ ಕಷಾಯ ಕಪ್ಪಾಗುತ್ತದೆ. ಅದರಿಂದ ಕೇಡಿಲ್ಲ, ಬಟ್ಟೆಗೆ ಕಲೆ ಹತ್ತುತ್ತದೆ ಅಷ್ಟೆ.

ಈ ಕಷಾಯವನ್ನು ಎರಡು ಪಾಲು ಮಾಡಿಕೊಳ್ಳಿ. ಮೊದಲ ಪಾಲಿನಿಂದ ಎಣ್ಣೆ, ಧೂಳು ತೆಗೆಯಿರಿ. ಎರಡನೆಯ ಪಾಲನ್ನು ಕೂದಲ ಬುಡಕ್ಕೆ ಹಾಕಿ ಐದು ನಿಮಿಷ ಬಿಟ್ಟು ಅನಂತರ ತೊಳೆಯಿರಿ. ಹಿಂದಿನವರು ಮಾಡುತ್ತಿದ್ದಂತೆ ಒಂದೇ ಸಲ ಸುರಿದು ತೊಳೆದುಬಿಟ್ಟರೆ ಅದು ಕೂದಲಿನ ಕೊಳೆ ತೆಗೆಯುತ್ತದೆ, ಬುಡದ ಜಿಡ್ಡನ್ನು ಮುಟ್ಟುವುದಿಲ್ಲ. ಕೊನೆಯ ಎರಡು ತಂಬಿಗೆ ನೀರು ಸಾಧ್ಯವಾದರೆ ಮಳೆಯ ನೀರಾಗಿರಲಿ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು. ಅಂಟವಾಳದ ನೊರೆ ಕಣ್ಣಿಗೆ ಬಿದ್ದರೆ ಉರಿ ಸಹಿಸಲಾಗದು. ಚಿಕ್ಕ ಮಕ್ಕಳಿಗೆ ಇದೇ ಕಾರಣಕ್ಕೆ ಅಂಟವಾಳ ಬೇಡ.

ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ ಬಿಡದೆ ಮಾಡಬೇಕು. ಕಷಾಯವನ್ನು ಅಂದಂದೇ ಮಾಡಿಕೊಳ್ಳಿ. ಎರಡು ದಿನ ಇಟ್ಟರೆ ಅದರಲ್ಲೇ ಬೂಷ್ಟು ಬೆಳೆಯುತ್ತದೆ. ಶಿಲೀಂಧ್ರದ ಮದ್ದಿನಲ್ಲಿ ಶಿಲೀಂಧ್ರ ಸಾಕಿದಂತಾಗುತ್ತದೆ. ಒಣ ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡಬಹುದು.

ಸೀಗೆ ಮಲೆನಾಡಿನ ಮುಳ್ಳುಬಳ್ಳಿ, ಸಂತೆಯಲ್ಲಿ ಕೊಳ್ಳಬೇಕಾದದ್ದು. ಅಂಟವಾಳ ಹಾಗಲ್ಲ, ಒಣಭೂಮಿಯ ಬದುವಿನಲ್ಲಿ ಬದುಕುವ ಮರ. ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ ಇರುವುದರಿಂದ ಒರಟು ಕಲ್ಲಿಗೆ ತುಸು ಉಜ್ಜಿ, ಒಂದು ದಿನ ನೀರಿನಲ್ಲಿ ನೆನೆಸಿ ಚೀಲದಲ್ಲಿ ಊರಬೇಕು. ಕಾಯಿ ಕೊಡಲು ಎಂಟು-ಹತ್ತು ವರ್ಷ ಹಿಡಿಯುತ್ತದೆ ಎಂದು ಕೇಳಿ ಹಿಂದೆಗೆಯಬೇಡಿ. ಬದುವಿಗೊಂದು ಮರವಿದ್ದರೆ ಒಂದು ಮನೆಗೆ ಮಿಕ್ಕಿ ಕಾಯಿ ಸಿಗುತ್ತದೆ.

ಬೇವು, ಲೋಳೆಸರ, ಮೆಂತೆ, ಜೇನು

ಹಿತ್ತಲಿನ ಮದ್ದುಗಳಿಗೆಲ್ಲ ಒಂದೇ ಬೆಲೆ ಕಟ್ಟಲಾಗದು. ಮೆಂತೆಯ ಲೋಳೆ, ದಾಸವಾಳದ ಎಲೆಯ ಲೋಳೆ ಕೂದಲನ್ನು ನುಣುಪು ಮಾಡುತ್ತವೆ, ಸೀಗೆಯಿಂದ ಒರಟಾದ ಕೂದಲಿಗೆ ಹಿತ ಕೊಡುತ್ತವೆ. ಅದಕ್ಕಿಂತ ಹೆಚ್ಚನ್ನು ಅವುಗಳಿಂದ ಬಯಸಬೇಡಿ. ಗರಗದ ಸೊಪ್ಪು, ನೆಲ್ಲಿಕಾಯಿ ಕೂದಲಿನ ಮದ್ದುಗಳೆಂದು ಹೆಸರಾಗಿವೆ. ಹೊಟ್ಟಿನ ಮೇಲೆ ಅವುಗಳ ಪ್ರಭಾವಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಬೇವು ಶಿಲೀಂಧ್ರಗಳನ್ನು ತಡೆಯುವುದು ಪ್ರಯೋಗಶಾಲೆಯಲ್ಲಿ ಕಂಡಿದೆ. ಎಲೆ ಕುದಿಸಿದ ನೀರಿನಿಂದ ಕೊನೆಗೆ ತಲೆ ತೊಳೆದುಕೊಂಡರೆ ನಷ್ಟವಿಲ್ಲ, ತುರಿಕೆಗೆ ಶಮನ ದೊರೆಯಬಹುದು.

ಲೋಳೆಸರದ ವಿಷಯ ಇನ್ನೂ ತುಸು ಗಟ್ಟಿ. 44 ಜನರ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಲೋಳೆಸರದ ತಯಾರಿಕೆ ಹಚ್ಚಿಕೊಂಡವರಿಗೆ ಬರಿಯ ಹುಸಿಮದ್ದು ಹಚ್ಚಿಕೊಂಡವರಿಗಿಂತ ಸ್ಪಷ್ಟವಾಗಿ ಹೆಚ್ಚು ಗುಣ ಕಂಡಿತು. ಎಲೆ ಕತ್ತರಿಸಿದಾಗ ಮೊದಲು ಸೋರುವ ಹಳದಿ ರಸ ಚರ್ಮಕ್ಕೆ ಉರಿ ತರುತ್ತದೆ. ಎಲೆಯನ್ನು ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ ಅದನ್ನು ಸೋರಿಸಿ, ಒಳಗಿನ ತಿಳಿ ಲೋಳೆಯನ್ನಷ್ಟೇ ಬಳಸಿ.

ಜೇನಿನ ಸಂಗತಿ ಎಲ್ಲಕ್ಕಿಂತ ಕುತೂಹಲಕರ. ದಾರುಣಕಕ್ಕೆ ಹೇಳಿರುವ ಒಂದು ಹಳೆಯ ಲೇಪದಲ್ಲಿ ಚಾರೋಳಿ ಬೀಜ, ಜ್ಯೇಷ್ಠಮಧು, ಕೋಷ್ಠ, ಉದ್ದು, ಸೈಂಧವ ಲವಣಗಳನ್ನು ಅರೆದು ಜೇನಿನಲ್ಲಿ ಕಲಸಬೇಕೆಂದಿದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೀವ್ರ ಹೊಟ್ಟಿನ 30 ಜನರಿಗೆ, ತುಸು ಬೆಚ್ಚನೆಯ ನೀರು ಬೆರೆಸಿದ ಹಸಿ ಜೇನನ್ನು ದಿನ ಬಿಟ್ಟು ದಿನ ತಿಕ್ಕಿ, ಮೂರು ಗಂಟೆ ಬಿಟ್ಟು ತೊಳೆಯಲಾಯಿತು. ನಾಲ್ಕು ವಾರ ಹೀಗೆ ಮಾಡಿದಾಗ ತುರಿಕೆ, ಚಕ್ಕೆ ಹೋದವು. ಅನಂತರ 15 ಜನ ವಾರಕ್ಕೊಮ್ಮೆ ಆರು ತಿಂಗಳು ಮುಂದುವರಿಸಿದರು. ಅವರಲ್ಲಿ ಯಾರಿಗೂ ಹೊಟ್ಟು ಮರುಕಳಿಸಲಿಲ್ಲ. ನಿಲ್ಲಿಸಿದ 15 ಜನರಲ್ಲಿ 12 ಮಂದಿಗೆ ಎರಡರಿಂದ ನಾಲ್ಕು ತಿಂಗಳಲ್ಲಿ ಮತ್ತೆ ಬಂತು. ಇದು ಸಣ್ಣ ಅಧ್ಯಯನ, ಹುಸಿಮದ್ದಿನೊಡನೆ ಹೋಲಿಸಿದ್ದೂ ಅಲ್ಲ. ಜೇನಿನ ಈಗಿನ ಬೆಲೆಯಲ್ಲಿ ಅದನ್ನು ತಲೆಗೆ ಸುರಿಯಿರಿ ಎಂದು ಯಾರಿಗೂ ಹೇಳುವ ಹಾಗಿಲ್ಲ. ಆದರೆ ಕೊನೆಯ ಅಂಕಿಗಳು ಎಲ್ಲ ಮದ್ದುಗಳಿಗೂ ಅನ್ವಯಿಸುವ ಮಾತು ಹೇಳುತ್ತವೆ. ಯೀಸ್ಟ್ ತಲೆಯಲ್ಲೇ ವಾಸವಾಗಿರುವುದರಿಂದ ಹೊಟ್ಟು ಶಾಶ್ವತವಾಗಿ ಹೋಗುವುದಿಲ್ಲ, ಹತೋಟಿಯಲ್ಲಿರುತ್ತದೆ. ಗುಣವಾಯಿತೆಂದು ಬಿಟ್ಟರೆ ಮರಳುತ್ತದೆ. ದ್ರಾಕ್ಷಿಯ ಭುರಿಗೆ ಒಂದು ಸಲ ಹೊಡೆದು ಕುಳಿತವರಿಗೆ ಏನಾಗುತ್ತದೆಂಬುದು ನಿಮಗೆ ಗೊತ್ತೇ ಇದೆ.

ಯಾವ ಹೊಸ ಮದ್ದನ್ನೇ ಆಗಲಿ, ಮೊದಲು ಮೊಣಕೈ ಒಳಮಗ್ಗುಲಿಗೆ ತುಸು ಹಚ್ಚಿ ಒಂದು ದಿನ ನೋಡಿ. ಕೆಂಪಾದರೆ, ತುರಿಸಿದರೆ ಅದು ನಿಮ್ಮ ಚರ್ಮಕ್ಕೆ ಆಗದು.

ತಲೆಗೆ ತಾಗಿಸಬಾರದವು

ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವುದು ಹೊಲದಲ್ಲಿ ದುಡಿಯುವವರಿಗೆ ಬಹಳ ಕೆಟ್ಟದ್ದು. ಲಿಂಬೆಯ ಸಿಪ್ಪೆ ಮತ್ತು ರಸದಲ್ಲಿರುವ ಕೆಲವು ಪದಾರ್ಥಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತವೆ. ಹಣೆಯ ಮೇಲೆ, ಕಿವಿಯ ಹಿಂದೆ ಬೊಬ್ಬೆ ಎದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಕರ್ಪೂರ ಬೆರೆಸಿದ ಎಣ್ಣೆಯನ್ನು ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇಡಲೇಬಾರದು. ಮಗು ತುಸು ಕುಡಿದರೂ ಫಿಟ್ಸ್ ಬರುತ್ತದೆ. ಬೇವಿನ ಎಣ್ಣೆ ಹೊಟ್ಟೆಗೆ ಹೋಗಿ ಮಕ್ಕಳು ಸಾವಿಗೀಡಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕೂಸುಗಳ ತಲೆಯ ಮೇಲೆ ಕಟ್ಟುವ ಹಳದಿ ಹೊರಪು ತಿಂಗಳುಗಳಲ್ಲಿ ತಾನಾಗಿ ಹೋಗುತ್ತದೆ, ಅದಕ್ಕೆ ಇಲ್ಲಿ ಹೇಳಿದ ಯಾವ ಮದ್ದೂ ಬೇಡ.

ದತ್ತೂರಿ ಮತ್ತು ಗುಲಗಂಜಿ ಎರಡೂ ಹಳೆಯ ತೈಲಗಳ ಪಾಕದಲ್ಲಿ ಬರುತ್ತವೆ. ಗುಲಗಂಜಿ ಮತ್ತು ಗರಗದ ರಸದ ತೈಲವನ್ನು ದಾರುಣಕಕ್ಕೆಂದೇ ಹೇಳಿದೆ. ಆದರೆ ವೈದ್ಯರು ಅವನ್ನು ಶುದ್ಧಿ ಮಾಡಿ, ಅಳತೆಯಿಂದ ಬಳಸುತ್ತಿದ್ದರು. ದತ್ತೂರಿಯ ವಿಷ ಚರ್ಮದ ಮೂಲಕವೂ ಇಳಿಯುತ್ತದೆ. ಕಣ್ಣಿನ ಪಾಪೆ ಹಿಗ್ಗುವುದು, ಬಾಯಿ ಒಣಗುವುದು, ಭ್ರಮೆ ಹಿಡಿಯುವುದು ಅದರ ಗುರುತು. ಅರೆದ ಗುಲಗಂಜಿ ಹೊಟ್ಟೆಗೆ ಹೋದರೆ ಬದುಕುವುದು ಕಷ್ಟ. ಕೆರೆದು ಹುಣ್ಣಾದ ತಲೆಗೆ ಇವನ್ನು ಮನೆಯಲ್ಲಿ ಅರೆದು ಹಚ್ಚುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಅಂಥ ತೈಲ ಬೇಕೆನ್ನುವವರು ಪದವಿ ಪಡೆದ ಆಯುರ್ವೇದ ವೈದ್ಯರನ್ನು ಕಂಡು ಪಡೆಯಬೇಕು.

ಇನ್ನು ತೋಟದ ಔಷಧಿಗಳು. ಗಂಧಕ ಹೊಟ್ಟಿಗೆ ಮದ್ದು ಎಂಬುದು ಸುಳ್ಳಲ್ಲ. ತಲೆಗೆಂದು ತಯಾರಿಸಿದವುಗಳಲ್ಲಿ ಶೇಕಡಾ 2ರಿಂದ 5ರಷ್ಟು ಗಂಧಕ ಇರುವುದುಂಟು. ದ್ರಾಕ್ಷಿಗೆ ಸಿಂಪಡಿಸುವ ನೀರಿನಲ್ಲಿ ಕರಗುವ ಗಂಧಕದಲ್ಲಿ ಅದು ಶೇಕಡಾ 80. ಉಳಿದ ಪಾಲು ಎಲೆಯ ಮೇಲೆ ಹರಡಲೆಂದು ಸೇರಿಸಿದ ರಾಸಾಯನಿಕಗಳು, ಮನುಷ್ಯನ ಚರ್ಮಕ್ಕೆಂದು ಪರೀಕ್ಷಿಸಿದವಲ್ಲ. ಬೇವಿನಿಂದ ಮಾಡಿದ ಕೀಟನಾಶಕವೂ ಅಷ್ಟೇ. ಡಬ್ಬಿಯ ಮೇಲೆ ಬೇವಿನ ಚಿತ್ರವಿದ್ದರೂ ಒಳಗೆ ದ್ರಾವಕ ಮತ್ತು ಮಿಶ್ರಣಕಾರಿಗಳಿರುತ್ತವೆ.

ಅಂಗಡಿಯ ಶಾಂಪೂ ಯಾವಾಗ?

ನಾಲ್ಕು ವಾರ ಸರಿಯಾಗಿ ಎಣ್ಣೆ-ನೀರು ಮಾಡಿಯೂ ಗುಣ ಕಾಣದಿದ್ದರೆ ಹಟ ಹಿಡಿಯಬೇಡಿ. ಕೀಟೊಕೊನಜೋಲ್ ಶೇಕಡಾ 2 ಇರುವ ಶಾಂಪೂ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮ ತೋಟದ ಹೆಕ್ಸಕೊನಜೋಲ್ ಶಿಲೀಂಧ್ರದ ಹೊರಪದರಕ್ಕೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆದು ಭುರಿಯನ್ನು ನಿಲ್ಲಿಸುತ್ತದೆ. ಕೀಟೊಕೊನಜೋಲ್ ತಲೆಯ ಯೀಸ್ಟಿಗೆ ಮಾಡುವುದೂ ಅದನ್ನೇ. ಇವು ದೂರದ ದಾಯಾದಿಗಳು. ಹಾಗೆಂದು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವಂತಿಲ್ಲ.

ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಬಳಸಬೇಕು. ನೊರೆಯನ್ನು ಬುಡಕ್ಕೆ ತಾಗಿಸಿ ಮೂರರಿಂದ ಐದು ನಿಮಿಷ ಬಿಡಬೇಕು. ಹೆಚ್ಚಿನವರು ಹಚ್ಚಿದೊಡನೆ ತೊಳೆದು, ಮದ್ದು ಹತ್ತಲಿಲ್ಲ ಎನ್ನುತ್ತಾರೆ. ಶಾಂಪೂಗಳು ಸೋಪಿನಂತೆ ಗಡಸು ನೀರಿನಲ್ಲಿ ಗಷ್ಟಾಗುವುದಿಲ್ಲ. ಹತೋಟಿಗೆ ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಶಾಂಪೂ, ನಡುವಿನ ಸ್ನಾನಗಳಿಗೆ ಸೀಗೆ-ಅಂಟವಾಳ ಎಂದು ಹೊಂದಿಸಿಕೊಂಡರೆ ಖರ್ಚೂ ಉಳಿಯುತ್ತದೆ. ಇದೇ ಹೆಸರಿನ ಮಾತ್ರೆಯೂ ಇದೆ. ಅದು ಯಕೃತ್ತಿಗೆ ಹಾನಿ ಮಾಡಬಲ್ಲದು. ಹೊಟ್ಟಿಗಾಗಿ ಮಾತ್ರೆ ಕೇಳಬೇಡಿ.

ಹೊಟ್ಟಿನಂತೆ ಕಾಣುವ ಬೇರೆ ರೋಗಗಳು

ಬೆಳ್ಳಿಯಂತೆ ಹೊಳೆಯುವ ದಪ್ಪ ಪದರಗಳು ತಲೆಯಲ್ಲಿ ಮಾತ್ರವಲ್ಲದೆ ಮೊಣಕೈ, ಮೊಣಕಾಲುಗಳ ಮೇಲೂ ಇದ್ದರೆ ಅದು ಸೋರಿಯಾಸಿಸ್ ಆಗಿರಬಹುದು. ಕೂದಲಿಗೆ ಅಂಟಿ, ಬೆರಳಿಂದ ಎಳೆದರೂ ಬಾರದ ಬಿಳಿ ಕಣಗಳು ಹೇನಿನ ಮೊಟ್ಟೆಗಳು.

ಶಾಲೆಗೆ ಹೋಗುವ ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹತ್ತು ವರ್ಷದೊಳಗಿನವರಿಗೆ ನಿಜವಾದ ಹೊಟ್ಟು ಅಪರೂಪ. ಮಗುವಿನ ತಲೆಯಲ್ಲಿ ಒಂದೆಡೆ ದುಂಡಾಗಿ ಕೂದಲು ಮುರಿದು ಬಿದ್ದು, ಅಲ್ಲಿ ಬಿಳಿ ಹೊಟ್ಟು ಕಂಡರೆ ಅದು ಗಜಕರ್ಣ ಎಂದೇ ತಿಳಿಯಿರಿ. ಇದೂ ಶಿಲೀಂಧ್ರವೇ, ಆದರೆ ಬೇರೆ ಜಾತಿಯದು; ಕೂದಲಿನ ಬುಡದೊಳಗೆ ಇಳಿದಿರುವುದರಿಂದ ಎಣ್ಣೆಯಾಗಲಿ, ಸೀಗೆಯಾಗಲಿ, ಶಾಂಪೂವಾಗಲಿ ಅಲ್ಲಿಗೆ ಮುಟ್ಟದು. ವೈದ್ಯರು ಬರೆದುಕೊಡುವ ಮಾತ್ರೆಯನ್ನು ಕೆಲವು ವಾರ ನುಂಗಿಸಲೇಬೇಕು. ತಡಮಾಡಿದರೆ ಬಾವು ಬಂದು ಕೀವು ತುಂಬಿ, ಆ ಜಾಗದಲ್ಲಿ ಮತ್ತೆಂದೂ ಕೂದಲು ಬರದಂತಾಗುತ್ತದೆ. ಅಂಗಡಿಯವರು ಕೊಡುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ತುರಿಕೆ ನಿಂತಂತೆ ಕಂಡು ರೋಗ ಒಳಗೊಳಗೇ ಹಬ್ಬುತ್ತದೆ.

ಈ ಗಜಕರ್ಣ ಮಕ್ಕಳಿಂದ ಮಕ್ಕಳಿಗೆ ಹಣಿಗೆ, ಟೊಪ್ಪಿಗೆಗಳ ಮೂಲಕ ಹರಡುತ್ತದೆ. ದನದ ಕೊಟ್ಟಿಗೆಯಿಂದಲೂ ಬರುತ್ತದೆ. ನಿಮ್ಮ ಕರುಗಳ ಕಣ್ಣಿನ ಸುತ್ತ, ಕಿವಿ, ಕುತ್ತಿಗೆಯ ಮೇಲೆ ಬೂದು ಬಣ್ಣದ ದುಂಡನೆಯ ಹೊರಪು ಕಟ್ಟಿದ್ದರೆ ಮಕ್ಕಳು ಅದನ್ನು ಅಪ್ಪಿ ಆಡದಂತೆ ನೋಡಿಕೊಳ್ಳಿ. ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ ದಿನವೇ ಕರುವನ್ನೂ ಪಶುವೈದ್ಯರಿಗೆ ತೋರಿಸಿ, ಗುಣವಾಗುವವರೆಗೆ ಬೇರೆ ಗೂಟಕ್ಕೆ ಕಟ್ಟಿ.